ಮಡಕಶಿರ ಬಲಕ್ಕೆ ಬರುತ್ತೆ

"ಬಲಗಡೆ ಕಿಟಕಿ ತಾನೆ?"

ಬೋರ್ಡಿಂಗ್ ಪಾಸು ಕೈಗೆ ಬಂದಮೇಲೆ ಅವ್ವ ಇದನ್ನು ಕೇಳುತ್ತಿರುವುದು ಮೂರನೇ ಸಲ. ಹೌದು, ಬಲಗಡೆಯೇ. ದೇವನಹಳ್ಳಿಯಿಂದ ವಾಯವ್ಯಕ್ಕೆ ಒಂದು ದಾರ ಎಳೆದರೆ ಅದು ಮಡಕಶಿರದ ಮೇಲೆ ಹಾದು ನೆಟ್ಟಗೆ ರಾಯದುರ್ಗಕ್ಕೆ ಹೋಗಿ ಮುಟ್ಟುತ್ತದೆ. ಮಡಕಶಿರ ಅವ್ವನ ಗಂಡನ ಮನೆ, ರಾಯದುರ್ಗ ತವರು. ಫ್ರಾಂಕ್‌ಫರ್ಟಿನ ದಾರಿ ಆ ದಾರಕ್ಕಿಂತ ತುಸು ಎಡಕ್ಕಿದೆ. ಹಾಗಾಗಿ ಎರಡೂ ಊರು ಬಲಕ್ಕೆ ಬರಬೇಕು. ಮನೆಯಲ್ಲಿ ನಕ್ಷೆ ಹರಡಿಕೊಂಡು ಇದನ್ನು ತೋರಿಸಿದ್ದೇ ನನ್ನ ತಪ್ಪು.

ಅಪ್ಪ ಬಂದಿಲ್ಲ. ರೇಷ್ಮೆಹುಳ ನಾಲ್ಕನೇ ಜ್ವರ ಕಳೆದು ಎದ್ದಿವೆ. ಹಣ್ಣಾಗುವ ತನಕ ಹಗಲೂ ರಾತ್ರಿ ಸೊಪ್ಪು ಬೇಕು. "ಹೆಂಗೂ ಎದ್ದಿರ್ತೀನಿ. ಮಾಳಿಗೆ ಮ್ಯಾಲೆ ನಿಂತು ಬ್ಯಾಟ್ರಿ ಬಿಡ್ತೀನಿ, ನೋಡ್ಕಳಿ" ಅಂದಿದ್ದ. ನಾವು ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ಅಂತ ಸುಮಾರು ಮೂರು ಗಂಟೆ ಕಾರಿನಲ್ಲಿ ದಕ್ಷಿಣಕ್ಕೆ ಬಂದಿದ್ದೇವೆ, ಈಗ ಬಂದ ಕಡೆಗೇ ಹಾರಲಿಕ್ಕೆ.

ಬೆಳಗಿನ ಜಾವ ಮೂರು ಗಂಟೆ. ಪ್ರೀಮಿಯಂ ಎಕಾನಮಿಯ ಸೀಟಿನಲ್ಲಿ ಅವ್ವ ಮೊದಲು ಮಾಡಿದ್ದು ಕಾಲು ಚಾಚಿ ಮುಂದಿನ ಸೀಟು ಸಿಗುತ್ತದಾ ಅಂತ ನೋಡಿದ್ದು. ಸಿಗಲಿಲ್ಲ. ಹಿಂದೆ ಮೂವತ್ತೊಂದು ಇಂಚಿಗೆ ಒಂದು ಸಾಲಾದರೆ ಇಲ್ಲಿ ಮೂವತ್ತೆಂಟಕ್ಕೆ ಒಂದು. ಆ ಏಳು ಇಂಚು ಅವಳ ಮಂಡಿಗೆ ಅಂತ ಎಲ್ಲರಿಗೂ ಹೇಳಿದ್ದೇನೆ. ನಿಜವಾದ ಕಾರಣ ಎರಡನೇ ಪೆಟ್ಟಿಗೆ. ತಂಗಿಯ ಬಾಣಂತನಕ್ಕೆ ಹೊರಟ ಒಣಶುಂಠಿ, ಹುಣಸೆಹಣ್ಣು, ಚಟ್ನಿಪುಡಿ ಒಂದೇ ಪೆಟ್ಟಿಗೆಯಲ್ಲಿ ಹಿಡಿಯುವಂಥದ್ದಲ್ಲ. ತುಪ್ಪ ಮಾತ್ರ ಇಲ್ಲ. ಯುರೋಪಿನೊಳಕ್ಕೆ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. "ತುಪ್ಪ ಇಲ್ದಲೆ ಅದ್ಯಾವ ಸೀಮೆ ಬಾಣಂತನವೋ" ಎಂದು ಅವ್ವ ಎರಡು ದಿನದಿಂದ ಗೊಣಗುತ್ತಿದ್ದಾಳೆ.

"ಇದು ಯಾವ ಕ್ಲಾಸಪ್ಪ?"

ನಡುವಿನದು ಅಂದೆ. 1992ರಲ್ಲಿ ವರ್ಜಿನ್ ಅಟ್ಲಾಂಟಿಕ್‌ನವರು ಇಂಥದ್ದನ್ನು ಶುರು ಮಾಡಿದಾಗ ಇಟ್ಟ ಹೆಸರೂ 'ಮಿಡ್ ಕ್ಲಾಸ್' ಅಂತಲೇ. ಅವ್ವ ಮುಂದಿನ ಪರದೆಯನ್ನೂ ಹಿಂದಿನ ಪರದೆಯನ್ನೂ ನೋಡಿ ಟೂರಿಂಗ್ ಟಾಕೀಸಿನ ಲೆಕ್ಕ ಹಾಕಿದಳು: "ಹಿಂದಿರೋದು ನೆಲ, ಮುಂದಿರೋದು ಕುರ್ಚಿ. ನಾವು ಬೆಂಚು." ಇದಕ್ಕಿಂತ ಚೆನ್ನಾಗಿ ವಿಮಾನ ಕಂಪನಿಯವರೂ ಹೇಳಲಾರರು.

ವಿಮಾನ ಪಡುವಲಿಗೆ ಎದ್ದು ಬಲಕ್ಕೆ ಹೊರಳಿತು. ಬಲ ರೆಕ್ಕೆ ಕೆಳಗಾಯಿತು, ದೀಪಗಳು ಅದರಂಚಿನಿಂದ ಜಾರಿಹೋದವು. ಅವ್ವ ಗಾಜಿಗೆ ಹಣೆ ಹಚ್ಚಿ, ಒಳಗಿನ ಬೆಳಕು ಕಣ್ಣಿಗೆ ಹೊಡೆಯದಂತೆ ಸೆರಗನ್ನು ಗುಡಾರದ ಹಾಗೆ ಹಿಡಿದಿದ್ದಾಳೆ. ಎದುರಿನ ಪರದೆಯ ನಕ್ಷೆಯಲ್ಲಿ ಅನಂತಪುರ ಇದೆ, ಬಳ್ಳಾರಿ ಇದೆ, ಮಡಕಶಿರ ಇಲ್ಲ. ನಾನು ಗಡಿಯಾರ ನೋಡುತ್ತೇನೆ. ಏಳು ನಿಮಿಷ. ಎಂಟು. ಒಂದು ದೊಡ್ಡ ದೀಪದ ಗುಂಪು, ಅದು ಹಿಂದೂಪುರ ಇರಬೇಕು. ಅದರಾಚೆ ಇನ್ನೊಂದು, ಸಣ್ಣದು.

"ಅಗೋ, ನಿಮ್ಮಪ್ಪ!"

ಸೆರಗಿನೊಳಗೆ ನಾನೂ ತಲೆ ತೂರಿಸಿದೆ. ಗುಂಪಿನಿಂದ ದೂರದಲ್ಲಿ ಒಂಟಿ ಚುಕ್ಕಿ, ಬಿಳೀದು. ಪಂಪ್‌ಸೆಟ್ಟಿನ ಬಲ್ಬೂ ಇರಬಹುದು, ಯಾರದೋ ಕೋಳಿಫಾರಂ ದೀಪವೂ ಇರಬಹುದು. ಹೂಂ ಅಂದೆ.

ಆಮೇಲೆ ಕತ್ತಲೆ. ಪಾವಗಡದಾಚೆ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಹಲಗೆಗಳಿವೆ. ಹಗಲೆಲ್ಲ ನಾಡಿಗೆ ಕರೆಂಟು ಕೊಡುವ ಆ ಬಯಲು ಈ ಹೊತ್ತಿನಲ್ಲಿ ಕರೀ ಕಂಬಳಿ ಹಾಸಿದ ಹಾಗೆ.

ಆ ಕತ್ತಲೆಯ ಉದ್ದಕ್ಕೂ ಅವ್ವ ಮಾತಾಡಿದಳು. ಗಾಜಿನ ಕಡೆಗೇ ಮುಖ, ಅರ್ಧ ನನಗೆ ಕೇಳಲಿಲ್ಲ. ಹೊಸದಾಗಿ ಮದುವೆಯಾದಾಗ ತವರಿಗೆ ಹೋಗಬೇಕೆಂದರೆ ಮೊದಲ ಕೋಳಿಗೇ ಎದ್ದು, ಟ್ರಂಕು ಹೊತ್ತುಕೊಂಡು, ಪಾವಗಡದಲ್ಲೊಂದು ಬಸ್ಸು ಬದಲಿಸಿ, ಕಲ್ಯಾಣದುರ್ಗದಲ್ಲಿ ಇನ್ನೊಂದು ಹಿಡಿದು, ದೀಪ ಹಚ್ಚುವ ಹೊತ್ತಿಗೆ ರಾಯದುರ್ಗ. ಆಂಧ್ರದಿಂದ ಹೊರಟು, ಕರ್ನಾಟಕಕ್ಕೆ ಬಂದು, ಮತ್ತೆ ಆಂಧ್ರಕ್ಕೆ. ಅವಳ ಅಕ್ಕ ಹುಟ್ಟಿದ್ದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಆಂಧ್ರ ರಾಜ್ಯವಾದ 1953ರ ಅಕ್ಟೋಬರ್ 1 ಕಳೆದಮೇಲೆ ಅದೇ ಮನೆಯ ಅದೇ ಕೋಣೆಯಲ್ಲಿ ಅವ್ವ ಹುಟ್ಟಿದಾಗ ಅದು ಅನಂತಪುರ ಜಿಲ್ಲೆ. ಈಗ 2022ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಗಂಡನ ಮನೆ ಒಂದು ಜಿಲ್ಲೆ, ತವರು ಒಂದು ಜಿಲ್ಲೆ. ಮಾತೂ ಹಾಗೆಯೇ. ಅಲ್ಲಿ ಶೇಂಗಾ ಅನ್ನುತ್ತಿದ್ದದ್ದನ್ನು ಇಲ್ಲಿ ಕಡ್ಲೇಕಾಯಿ ಅನ್ನಬೇಕಿತ್ತು. ಮೊದಲ ವಾರ "ಶೇಂಗಾ ಎಲ್ಲೈತೆ" ಅಂದದ್ದಕ್ಕೆ ಅತ್ತೆ, ನಾದಿನಿ ಬಿದ್ದು ಬಿದ್ದು ನಕ್ಕರಂತೆ. ಎರಡೂ ಊರನ್ನು ಸೇರಿಸುವ ತುಮಕೂರು–ರಾಯದುರ್ಗ ರೈಲು 2007–08ರಲ್ಲಿ ಮಂಜೂರಾಯಿತು. ಹಳಿ ಹಾಸುವ ಕೆಲಸ ಇನ್ನೂ ನಡೆದೇ ಇದೆ.

"ರಾಯದುರ್ಗ ಬಂತಾ?"

ಬಂತು ಅಂದೆ. ದೂರದಲ್ಲಿ ಒಂದು ಹಿಡಿ ದೀಪ, ಒಂದು ಪಕ್ಕ ಕತ್ತರಿಸಿದಂತೆ ಕಪ್ಪು. ಕಪ್ಪಗಿರುವುದು ಕೋಟೆಯ ಬೆಟ್ಟ ಅಂತ ಅವ್ವ ತೀರ್ಮಾನ ಮಾಡಿಬಿಟ್ಟಳು. ಮಡಕಶಿರ ದಾಟಿ ಏಳು ನಿಮಿಷವೂ ಆಗಿರಲಿಲ್ಲ. "ಇಷ್ಟೇನಾ?" ಅಂದಳು. ಆ ದನಿಯಲ್ಲಿ ಖುಷಿಗಿಂತ ಸಿಟ್ಟೇ ಹೆಚ್ಚಿತ್ತು, ಯಾರೋ ಇಷ್ಟು ವರ್ಷ ಮೋಸ ಮಾಡಿದ್ದಾರೆ ಎಂಬ ಹಾಗೆ.

ಊಟ ಪಿಂಗಾಣಿ ತಟ್ಟೆಯಲ್ಲಿ ಬಂತು. ಇದೂ ಬೆಂಚಿನವರಿಗೆ ಸಿಗುವ ಮರ್ಯಾದೆ. ಅಷ್ಟು ಎತ್ತರದಲ್ಲಿ ನಾಲಿಗೆಗೆ ಉಪ್ಪು, ಸಿಹಿ ಮಂದವಾಗುತ್ತವೆ. ಅವ್ವ ಚೀಲದಿಂದ ಪೊಟ್ಟಣ ತೆಗೆದು ಅನ್ನದ ಮೇಲೆ ಚಟ್ನಿಪುಡಿ ಉದುರಿಸಿಕೊಂಡು, ನನ್ನ ತಟ್ಟೆಗೂ ಉದುರಿಸಿದಳು. ಬೆಳ್ಳುಳ್ಳಿ ಘಮಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಊಟದ ಹಲಗೆ ತೋಳಿನೊಳಗೆ ಮಡಚಿಕೊಳ್ಳುವ ಈ ಸೀಟುಗಳಲ್ಲಿ ತೋಳನ್ನು ಎತ್ತಲು ಬರುವುದಿಲ್ಲ. ಹಿಂದೆ ನೆಲದಲ್ಲಾದರೆ ಅದನ್ನೆತ್ತಿ ಅವಳು ನನ್ನ ತೊಡೆಯ ಮೇಲೆ ತಲೆಯಿಡಬಹುದಿತ್ತು. ಇಲ್ಲಿ ಇಬ್ಬರ ನಡುವೆ ಗೇಣಗಲದ ಗೋಡೆ.

ಕೊಟ್ಟ ಕಾಲುಚೀಲವನ್ನು ಕಾಲುಂಗುರದ ಮೇಲೇ ಎಳೆದುಕೊಂಡಳು. ಒಂದೆಳೆ ಸಿಕ್ಕಿಕೊಂಡಿತು, ಬಗ್ಗಿ ಬಿಡಿಸಿದೆ. ವಿಮಾನದೊಳಗಿನ ಗಾಳಿಯ ತೇವ ಶೇಕಡಾ 20ಕ್ಕಿಂತ ಕೆಳಗಿಳಿಯುತ್ತದೆ. ನಡುವೆಯೊಮ್ಮೆ ಎದ್ದು ತುಟಿ ಸವರಿಕೊಂಡು, "ನಮ್ಮೂರ ಬ್ಯಾಸ್ಗೆಗಿಂತ ಅತ್ತತ್ತ ಕಣಪ್ಪ ಇದು" ಅಂದಳು. ಗಗನಸಖಿ ಬಿಸಿನೀರು ತಂದುಕೊಟ್ಟಳು. ಗಂಟೆಗೊಮ್ಮೆ ಎಬ್ಬಿಸಿ ನಡೆಸಿದೆ, ಕಾಲು ಬಾಯುವುದಿಲ್ಲ ಅಂತ. ಹೋಗುವಾಗೊಮ್ಮೆ ಬರುವಾಗೊಮ್ಮೆ ಪರದೆ ಸರಿಸಿ ಹಿಂದೆ ಮಲಗಿದ್ದವರನ್ನು ನೋಡಿ ಲೊಚಗುಟ್ಟಿದಳು.

ಒಂಬತ್ತೂವರೆ ಗಂಟೆ ಕಳೆದು ಗಾಲಿ ನೆಲ ಮುಟ್ಟಿತು. ಹೊರಗೆ ಬೆಳಗಿನ ಬೂದು ಬೆಳಕು, ಮಳೆ. ಫೋನು ಹಚ್ಚಿದೆ. ಅಪ್ಪನ ಧ್ವನಿಸಂದೇಶ ಬಂದಿತ್ತು. ಅವ್ವನ ಕಿವಿಗೆ ಹಿಡಿದೆ.

"ಮೂರು ಹೋದ್ವು ಕಣೇ. ಮೂರಕ್ಕೂ ಬಿಟ್ಟೆ. ಯಾವುದ್ರಾಗಿದ್ರಿ?"