ಒರೆಸುವ ಮುನ್ನ ಬರೆದಿಡಬೇಕು

ಪಿಯುಸಿ ಓದುವ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಅಪ್ಪನ ಮೊಬೈಲಿನಲ್ಲಿ ತುಂಬುತ್ತಿದ್ದಳು. ಮುಕ್ಕಾಲು ಗಂಟೆಯ ಶ್ರಮ. ಕೊನೆಗೆ ಆದಾಯ ಪ್ರಮಾಣಪತ್ರದ ಫೋಟೊ ತೆಗೆಯಲು ಕ್ಯಾಮೆರಾ ತೆರೆದಳು. ಮರಳಿ ಬಂದು ನೋಡಿದರೆ ಅರ್ಜಿಯೆಲ್ಲ ಖಾಲಿ! "ಏನೋ ಒತ್ತಿಬಿಟ್ಟಿದ್ದೀಯ" ಎಂದು ಅಪ್ಪ ಗದರಿದರು. ಅವಳು ತಪ್ಪಾಗಿ ಏನನ್ನೂ ಒತ್ತಿರಲಿಲ್ಲ.

ಹಾಗಾದರೆ ಆದದ್ದೇನು? ಮೊಬೈಲಿಗೆ ಎರಡು ಬಗೆಯ ನೆನಪುಗಳಿವೆ. ಒಂದು ರ್‍ಯಾಮ್. ಇದು ತರಗತಿಯ ಕರಿಹಲಗೆಯಂತೆ. ಮುಂದಿನ ಪಿರಿಯಡ್ಡಿನ ಮೇಷ್ಟ್ರು ಬಂದರೆ ಒರೆಸಿಬಿಡುತ್ತಾರೆ. ಇನ್ನೊಂದು ಸ್ಟೋರೇಜ್. ಇದು ನೋಟ್‌ಬುಕ್ಕಿನಂತೆ, ಫೋನ್ ಆರಿದರೂ ಬರೆದದ್ದು ಉಳಿಯುತ್ತದೆ. ಕ್ಯಾಮೆರಾಗೆ ಬಹಳ ರ್‍ಯಾಮ್ ಬೇಕು. ಜಾಗ ಸಾಲದಾದಾಗ ಆಂಡ್ರಾಯ್ಡ್ ವ್ಯವಸ್ಥೆಯು ಕಣ್ಣೆದುರಿನ ಆ್ಯಪನ್ನು ಉಳಿಸಿಕೊಂಡು, ಹಿನ್ನೆಲೆಗೆ ಸರಿದ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತದೆ. ಆ ಕ್ಷಣದಲ್ಲಿ ಅವುಗಳಿಗೆ ಯಾವ ಮುನ್ಸೂಚನೆಯೂ ಸಿಗುವುದಿಲ್ಲ.

ಆದ್ದರಿಂದ ಉಳಿಸುವ ಕೆಲಸ ಮೊದಲೇ ಆಗಬೇಕು. ಆ್ಯಪ್ ಪರದೆಯಿಂದ ಮರೆಯಾಗುವಾಗ ತನ್ನ ಸ್ಥಿತಿಯನ್ನು ಪುಟ್ಟ ಗಂಟಾಗಿ ಕಟ್ಟಿಕೊಡಲು ಆಂಡ್ರಾಯ್ಡ್ ಅವಕಾಶ ನೀಡುತ್ತದೆ. ಇದರ ಹೆಸರೇ 'ಬಂಡಲ್'. ಯಾವ ಪುಟ ತೆರೆದಿತ್ತು, ಏನು ಟೈಪ್ ಮಾಡಲಾಗಿತ್ತು ಎಂಬಷ್ಟು ಅದರಲ್ಲಿ ಹಿಡಿಸುತ್ತದೆ. ವ್ಯವಸ್ಥೆಯೇ ಅದನ್ನು ಕಾಯ್ದಿಟ್ಟು, ಆ್ಯಪಿಗೆ ಮರಳಿದಾಗ ಹಿಂದಿರುಗಿಸುತ್ತದೆ. 2012ರಲ್ಲಿ ಬಂದ ಐಒಎಸ್ 6ರಲ್ಲಿ ಆ್ಯಪಲ್ ಕೂಡ ಇಂಥ ಏರ್ಪಾಡು ಮಾಡಿತು.

ಆದರೆ ಆ್ಯಪನ್ನು ಇತ್ತೀಚಿನವುಗಳ ಪಟ್ಟಿಯಿಂದ ಬೆರಳಿನಲ್ಲಿ ತಳ್ಳಿಹಾಕಿದರೆ ಆ ಗಂಟೂ ಹೋಗುತ್ತದೆ. ಆದಕಾರಣ ಅರ್ಜಿಯಂಥ ಬೆಲೆಯುಳ್ಳದ್ದನ್ನು, ಒಂದೊಂದು ಉತ್ತರ ತುಂಬಿದಂತೆಲ್ಲ ಸ್ಟೋರೇಜಿನಲ್ಲಿ ಕರಡಾಗಿ ಬರೆದಿಡುವಂತೆ ಆ್ಯಪ್ ರಚಿಸಬೇಕು. ಇದು ರಚಿಸುವವರ ಹೊಣೆ.

ವಿದ್ಯಾರ್ಥಿಗಳೂ ಕೊಂಚ ಎಚ್ಚರ ವಹಿಸಬಹುದು. ದಾಖಲೆಗಳ ಫೋಟೊಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಉದ್ದನೆಯ ಉತ್ತರಗಳನ್ನು ಕಾಗದದಲ್ಲಿ ಬರೆದುಕೊಂಡು ಆಮೇಲೆ ತುಂಬಿ. 'ಸೇವ್' ಗುಂಡಿ ಇದ್ದರೆ ಪ್ರತಿ ಪುಟಕ್ಕೂ ಒತ್ತಿ. ಪಾಲಕರೇ, ಅರ್ಜಿ ಅಳಿಸಿಹೋದರೆ ಮಕ್ಕಳನ್ನು ಗದರುವ ಮುನ್ನ ಒಂದು ಕ್ಷಣ ಯೋಚಿಸಿ.

ರ್‍ಯಾಮ್ ಕಡಿಮೆಯಿರುವ ಅಗ್ಗದ ಫೋನುಗಳಲ್ಲೇ ಈ ತೊಂದರೆ ಹೆಚ್ಚು. ವಿದ್ಯಾರ್ಥಿವೇತನದ ಅಗತ್ಯ ಹೆಚ್ಚಿರುವ ಮನೆಗಳಲ್ಲಿ ಇರುವುದೂ ಅಂಥ ಫೋನುಗಳೇ. ಮುಂದೆ ಆ್ಯಪ್ ರಚಿಸಲು ಹೊರಡುವ ಮಕ್ಕಳು ಅದನ್ನು ದುಬಾರಿ ಫೋನಿನಲ್ಲಷ್ಟೇ ಅಲ್ಲ, ಇಂಥ ಫೋನಿನಲ್ಲೂ ಪರೀಕ್ಷಿಸಿ ನೋಡಲಿ.