ದಿಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯದ ಒಂದು ಕಾಗದ

ದಿಲ್ಲಿಗೆ ಹೋದವರು ಕೆಂಪುಕೋಟೆಯನ್ನೂ ಕುತುಬ್ ಮಿನಾರನ್ನೂ ನೋಡದೆ ಹಿಂದಿರುಗುವುದಿಲ್ಲ. ಚಾಣಕ್ಯಪುರಿಯಲ್ಲಿ 1977ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದ ಕಡೆಗೆ ತಿರುಗುವವರು ಕಡಮೆ. ನಾವು ಅಲ್ಲಿ ಒಂದು ಪೂರ್ವಾಹ್ನವನ್ನು ಕಳೆದೆವು. 1899ರಲ್ಲಿ ಮೈಸೂರು ಮಹಾರಾಜರಿಗಾಗಿ ನಿರ್ಮಿಸಿದ ತೇಗದ ಮರದ ಸಲೂನು ಗಾಡಿಯನ್ನು ಕಂಡು, ಕನ್ನಡಿಗರಾದ ನಮಗೆ ಸಹಜವಾಗಿಯೇ ಅಭಿಮಾನವುಂಟಾಯಿತು. ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಒಂದು ಸಾಮಾನ್ಯವಾದ ಕಾಗದ.

ಅದು 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ವಂಗೀಯ ಪ್ರಯಾಣಿಕನು ಸಾಹಿಬ್‌ಗಂಜಿನ ರೈಲ್ವೆ ಕಚೇರಿಗೆ ಬರೆದನೆಂದು ಪ್ರಸಿದ್ಧವಾಗಿರುವ ದೂರು. ಹಲಸಿನ ಹಣ್ಣನ್ನು ತಿಂದು ಹೊಟ್ಟೆಯುಬ್ಬಿದ ಆತನು ಅಹಮದ್‌ಪುರ ನಿಲ್ದಾಣದಲ್ಲಿಳಿದು ಶೌಚಕ್ಕೆ ಹೋದನಂತೆ; ಅಷ್ಟರಲ್ಲಿ ಗಾರ್ಡು ಸೀಟಿಯೂದಿಬಿಟ್ಟನು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತ್ರ! ಓಡುತ್ತ ಎಡವಿ ಬಿದ್ದು, ಗಂಡಸರು ಹೆಂಗಸರೆಲ್ಲರ ಮುಂದೆ ಮಾನಗೆಟ್ಟು, ಗಾಡಿ ತಪ್ಪಿಸಿಕೊಂಡು ನಿಂತನು. ಆ ಗಾರ್ಡನಿಗೆ ಭಾರಿ ದಂಡ ವಿಧಿಸಬೇಕೆಂದೂ, ಇಲ್ಲವಾದರೆ ಪತ್ರಿಕೆಗಳಿಗೆ ಬರೆಯುವೆನೆಂದೂ ಬೆದರಿಸಿದ್ದಾನೆ. ಕೆಳದರ್ಜೆಯ ಗಾಡಿಗಳಿಗೆ ಶೌಚಗೃಹ ಬಂದದ್ದು ಈ ಕಾಗದದಿಂದಲೇ ಎಂದು ಹೇಳುವುದುಂಟು.

ನೋಡುವವರೆಲ್ಲ ನಗುವುದು ಆತನ ಇಂಗ್ಲಿಷಿಗೆ. ‘ಐ ಆಮ್ ಅರೈವ್’, ‘ಐ ಆಮ್ ಫಾಲ್’ ಎಂದು ಕ್ರಿಯಾಪದಗಳ ಹಿಂದೆ ‘ಆಮ್’ ಎಂಬುದನ್ನು ತಂದು ಕೂರಿಸಿದ್ದಾನೆ. ವಾಚಕರು ಸ್ವಲ್ಪ ಯೋಚಿಸಬೇಕು. ನಾವು ‘ಬಿದ್ದೆನು’ ಎಂದರೆ ಬಿದ್ದವನು ನಾನೇ ಎಂಬುದು ಆ ಒಂದು ಪದದಲ್ಲಿಯೇ ಅಡಗಿದೆ. ವಂಗಭಾಷೆಯ ಕ್ರಿಯಾಪದವೂ ಹಾಗೆಯೇ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ. ಇಂಗ್ಲಿಷಿನ ‘ಫೆಲ್’ ಎಂಬುದರಲ್ಲಿ ಬಿದ್ದವನು ನಾನೋ ನೀನೋ ತಿಳಿಯದು. ‘ಐ’ ಎಂಬುದಕ್ಕೆ ಹೊಂದುವ ಪದ ‘ಆಮ್’ ಎಂದು ಕಲಿತವನು ಅದನ್ನು ಎಲ್ಲೆಲ್ಲಿಯೂ ಅಂಟಿಸಿದರೆ ಅದು ಮೌಢ್ಯವಲ್ಲ, ಕಲಿತ ನಿಯಮದ ಮೇಲಿನ ಅತಿ ನಂಬಿಕೆ. ಇನ್ನು ‘ಎ’, ‘ದಿ’ಗಳ ಪಾಡು ಹೇಳತೀರದು. ‘ಆನೆ ಬಂತು’ ಎನ್ನುವ ನಮಗೂ ಅವು ಅನಾವಶ್ಯಕವಾದ ಬಾಲಗಳಂತೆಯೇ ತೋರುತ್ತವೆ.

ಪಕ್ಕದಲ್ಲಿ ಧಾರವಾಡದ ಕಡೆಯ ಒಂದು ಸಂಸಾರವಿತ್ತು. ಹುಡುಗನು ನಗು ತಡೆಯಲಾರದೆ ಕಾಗದವನ್ನು ಕನ್ನಡಿಸಿ ಅಜ್ಜಿಗೆ ಹೇಳಿದನು. ಕನ್ನಡಕ್ಕೆ ಬಂದಾಗ ತಪ್ಪುಗಳೆಲ್ಲ ಉದುರಿಹೋಗಿ ಸಂಗತಿಯೊಂದೇ ಉಳಿಯಿತು. ಅಜ್ಜಿ ನಗಲಿಲ್ಲ. “ಅಯ್ಯ, ಪಾಪ! ಮುಂದ ಊರು ಹ್ಯಾಂಗ ಮುಟ್ಟಿದ್ನೋ ಏನೋ” ಎಂದರು.