ನಗೆಯ ಋಣ

ಮನುಷ್ಯನಿಗೆ ನಗೆಯಷ್ಟು ಸುಲಭವಾಗಿ ದೊರೆಯುವ ಸುಖ ಬೇರೊಂದಿಲ್ಲ. ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ಅಷ್ಟೇ ಸುಲಭವಾಗಿ ಮರೆಯುವುದೂ ಲೋಕದ ರೂಢಿ. ನಾಲ್ಕು ಜನ ಸೇರಿದ ಮನೆಯಲ್ಲಿ ಒಬ್ಬನ ತೊದಲು ಮಾತನ್ನೋ, ಮತ್ತೊಬ್ಬನ ನಡಿಗೆಯನ್ನೋ, ಹುಡುಗನೊಬ್ಬನ ಹೆಣ್ಣಿನಂಥ ಹಾವಭಾವವನ್ನೋ ಅನುಕರಿಸಿ ತೋರಿಸಿದರೆ ಎಲ್ಲರೂ ನಗುತ್ತಾರೆ. ಯಾರನ್ನು ಕುರಿತು ನಕ್ಕರೋ ಅವನೂ ಬಹುಮಟ್ಟಿಗೆ ಆ ನಗೆಯಲ್ಲಿ ಸೇರಿಕೊಳ್ಳುತ್ತಾನೆ. ಅವನ ನಗೆ ಎಂಥದೆಂದು ವಿಚಾರಿಸುವವರು ವಿರಳ. ಅಂತಹ ಹುಡುಗನೇ ದೊಡ್ಡವನಾಗಿ, ಲೇಖನಿ ಹಿಡಿದು, ತನ್ನನ್ನು ಕುರಿತ ನಗೆಯನ್ನು ತಾನೇ ಜನರ ಮುಂದೆ ಬಡಿಸಿದರೆ ಓದುವವರ ಮನಸ್ಸಿನಲ್ಲಿ ಏನಾಗುತ್ತದೆ? ಅಮೆರಿಕದ ವಿನೋದ ಲೇಖಕ ಡೇವಿಡ್ ಸೆಡಾರಿಸ್ ಅವರ ಪ್ರಬಂಧಗಳಿಗೆ ಅಲ್ಲಿನ ಓದುಗರು ಮೂರು ದಶಕಗಳಿಂದ ತೋರುತ್ತ ಬಂದಿರುವ ಪ್ರತಿಕ್ರಿಯೆಗಳು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತವೆ.

ಸೆಡಾರಿಸ್ ಹುಟ್ಟಿದ್ದು 1956ರ ಡಿಸೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಗ್ರೀಕ್ ಮೂಲದವರು, ಐಬಿಎಂ ಸಂಸ್ಥೆಯ ಉದ್ಯೋಗಿ. ಮಗ ಚಿಕ್ಕವನಿದ್ದಾಗಲೇ ಕುಟುಂಬ ನಾರ್ತ್ ಕರೋಲಿನಾ ರಾಜ್ಯದ ರಾಲಿ ನಗರಕ್ಕೆ ಬಂದು ನೆಲೆಸಿತು. ಆರು ಮಂದಿ ಮಕ್ಕಳಲ್ಲಿ ಇವರು ಎರಡನೆಯವರು. ಸಲಿಂಗಾನುರಾಗಿಯಾದ ತಮ್ಮ ಬಾಲ್ಯ, ಯೌವನಗಳ ಪೇಚುಗಳನ್ನೂ ಮನೆಮಂದಿಯ ವಿಚಿತ್ರಗಳನ್ನೂ ಇವರು ಕನ್ನಡದ ಲಲಿತ ಪ್ರಬಂಧಕ್ಕೆ ಸಮೀಪವೆನಿಸುವ ಧಾಟಿಯಲ್ಲಿ ಬರೆಯುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಮನೆಗಳನ್ನು ಶುಚಿಗೊಳಿಸುವ ಕೆಲಸದಿಂದ ಜೀವನ ಸಾಗಿಸುತ್ತಿದ್ದ ಇವರನ್ನು ದೇಶಕ್ಕೆ ಪರಿಚಯಿಸಿದ್ದು 1992ರ ಡಿಸೆಂಬರಿನ ಒಂದು ರೇಡಿಯೋ ವಾಚನ. ಕ್ರಿಸ್‌ಮಸ್ ದಿನಗಳಲ್ಲಿ ಮೇಸೀಸ್ ಎಂಬ ಭಾರೀ ಮಳಿಗೆಯಲ್ಲಿ ಸಾಂತಾಕ್ಲಾಸನ ಪರಿವಾರದ ಕಿನ್ನರನಾಗಿ ಹಸಿರು ವೇಷ ತೊಟ್ಟು ದುಡಿದ ಕಥೆಯನ್ನು ಅಂದು ಅವರು ನ್ಯಾಷನಲ್ ಪಬ್ಲಿಕ್ ರೇಡಿಯೋದಲ್ಲಿ ಓದಿದರು. ಆ ವಾಚನದ ಧ್ವನಿಮುದ್ರಿಕೆ ಬೇಕೆಂದು ಕೇಳುಗರಿಂದ ಬಂದ ಕೋರಿಕೆಗಳು ಅಪಾರ. ಮುಂದೆ 1994ರಲ್ಲಿ ಮೊದಲ ಪುಸ್ತಕ, 1997ರಲ್ಲಿ 'ನೇಕೆಡ್', 2000ದಲ್ಲಿ 'ಮಿ ಟಾಕ್ ಪ್ರಿಟಿ ಒನ್ ಡೇ' ಪ್ರಕಟವಾದವು. 2001ರಲ್ಲಿ ಅಮೆರಿಕದ ಹಾಸ್ಯ ಸಾಹಿತ್ಯಕ್ಕೆ ಮೀಸಲಾದ ಥರ್ಬರ್ ಪ್ರಶಸ್ತಿಯೂ ಸಂದಿತು.

ಓದುಗರು ಹೆಚ್ಚಾಗಿ ನೆನೆಯುವ ಪ್ರಬಂಧಗಳಲ್ಲಿ 'ಗೋ ಕರೋಲಿನಾ' ಒಂದು. ಐದನೆಯ ತರಗತಿಯ ಬಾಲಕನಿಗೆ ಸಕಾರದ ಉಚ್ಚಾರಣೆ ಬಾರದು. ವಾರಕ್ಕೊಮ್ಮೆ ಉಚ್ಚಾರಣೆ ತಿದ್ದುವ ಶಿಕ್ಷಕಿಯೊಬ್ಬರು ಪಾಠದ ನಡುವೆಯೇ ಬಂದು, ಎಲ್ಲರೆದುರು ಅವನನ್ನು ಕರೆದೊಯ್ಯುತ್ತಾರೆ. ಹಾಗೆ ಕರೆಸಿಕೊಳ್ಳುತ್ತಿದ್ದ ಹುಡುಗರೆಲ್ಲ ಆಟದ ಮೈದಾನಕ್ಕಿಂತ ಅಡುಗೆ ಹೊಲಿಗೆಗಳನ್ನು ಮೆಚ್ಚುವಂಥವರೇ ಎಂಬುದು ಬಾಲಕನ ಗಮನಕ್ಕೆ ಬರುತ್ತದೆ. ಶಾಲೆ ತಿದ್ದಲು ಹೊರಟದ್ದು ನಾಲಗೆಯನ್ನೋ, ಬೇರೆ ಏನನ್ನೋ ಎಂಬ ಸಂದೇಹವನ್ನು ಲೇಖಕರು ನಗೆಯ ಮರೆಯಲ್ಲಿ ಇಟ್ಟುಬಿಡುತ್ತಾರೆ. ಬಾಲಕನಾದರೋ ಉಪಾಯಗಾರ. ಸಕಾರವಿರುವ ಪದಗಳನ್ನೇ ತನ್ನ ಮಾತಿನಿಂದ ಹೊರಗೆ ಹಾಕುತ್ತಾನೆ. ಇಂಗ್ಲಿಷಿನ ಬಹುವಚನ ನಿಂತಿರುವುದು ಬಹುತೇಕ ಸಕಾರದ ಮೇಲೆ. ಆದಕಾರಣ 'ನದಿಗಳು' ಎನ್ನಬೇಕಾದಲ್ಲಿ 'ಒಂದೆರಡು ನದಿ' ಎನ್ನುತ್ತಾನೆ. ಪರ್ಯಾಯ ಪದಕೋಶವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಕೊನೆಯ ದಿನ ಶಿಕ್ಷಕಿ ತಾನು ಸೋತೆನೆಂದು ಕಣ್ಣೀರು ತರುವಂತೆ ನಟಿಸುತ್ತಾರೆ. ಕರುಣೆ ಉಕ್ಕಿದ ಬಾಲಕ ಕ್ಷಮೆ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ಪದ ಸಕಾರದಿಂದಲೇ ಆರಂಭವಾಗುತ್ತದೆ. ಹುಡುಗ ಸಿಕ್ಕಿಬಿದ್ದ!

ಈ ಪ್ರಸಂಗವನ್ನು ಓದಿ ನಗದಿರುವುದು ಕಷ್ಟ. ಆದರೆ ನಕ್ಕ ಮರುಕ್ಷಣದಲ್ಲೇ ಓದುಗನಿಗೆ ಒಂದು ಸಂಗತಿ ಹೊಳೆಯುತ್ತದೆ. ಬಾಲಕ ಸಿಕ್ಕಿಬಿದ್ದದ್ದು ತನ್ನ ದೌರ್ಬಲ್ಯದಿಂದಲ್ಲ, ಮತ್ತೊಬ್ಬರ ದುಃಖಕ್ಕೆ ಮರುಗಿದ್ದರಿಂದ. ಇದೇ ಸಂಗತಿಯನ್ನು ಭಾಷಣವಾಗಿ ಹೇಳಿದ್ದರೆ ಕೇಳುವವರು ಆಕಳಿಸುತ್ತಿದ್ದರೋ ಏನೋ. ನಗೆಯಿಂದ ಸಡಿಲಗೊಂಡ ಮನಸ್ಸಿಗೆ ಅದು ತಾನಾಗಿ ಇಳಿಯುತ್ತದೆ. ಸೆಡಾರಿಸ್ ಊರೂರು ತಿರುಗಿ ಪ್ರಬಂಧಗಳನ್ನು ವಾಚಿಸುತ್ತಾರೆ. ವಾಚನದ ತರುವಾಯ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಜನ ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಾರೆ. ಅವರಲ್ಲಿ ಬಹುಮಂದಿ ಸಲಿಂಗಾನುರಾಗಿಗಳೇನೂ ಅಲ್ಲ. ತೊದಲಿದವರು, ಆಟದಲ್ಲಿ ಹಿಂದೆ ಬಿದ್ದವರು, ದೊಡ್ಡ ಸಂಸಾರದಲ್ಲಿ ಕಳೆದುಹೋದವರು, ಹೀಗೆ ಒಬ್ಬೊಬ್ಬರೂ ಆ ಬಾಲಕನಲ್ಲಿ ತಮ್ಮ ಪಾಲನ್ನು ಕಾಣುತ್ತಾರೆ. ಇದು ಓದುಗರ ಮೊದಲನೆಯ ಬಗೆಯ ಪ್ರತಿಕ್ರಿಯೆ.

ಆದರೆ ಎಲ್ಲ ಪ್ರಬಂಧಗಳೂ ನಗೆಯಲ್ಲೇ ಮುಗಿಯುವುದಿಲ್ಲ. 'ನೇಕೆಡ್' ಸಂಕಲನದ ಒಂದು ಪ್ರಬಂಧದಲ್ಲಿ ಹದಿಹರೆಯದ ಹುಡುಗನೊಬ್ಬ, ಯಾವುದಾದರೂ ಸ್ಪರ್ಧೆಯಲ್ಲಿ ಬಹುಮಾನದ ಹಣ ಗೆದ್ದು, ಆ ಹಣದಿಂದ ಮನೋವೈದ್ಯರನ್ನು ಕಂಡು ತನ್ನ 'ಕಾಯಿಲೆ'ಯನ್ನು ವಾಸಿಮಾಡಿಕೊಳ್ಳಬೇಕೆಂದು ಕನಸು ಕಾಣುತ್ತಾನೆ. ಸಲಿಂಗಾನುರಾಗವನ್ನು ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳ ಪಟ್ಟಿಯಿಂದ ತೆಗೆದುಹಾಕಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅದೇ ನಿರ್ಣಯಕ್ಕೆ ಬಂದದ್ದು 1990ರಲ್ಲಿ. ಈ ಹುಡುಗನ ಕಾಲಕ್ಕೆ ವೈದ್ಯಶಾಸ್ತ್ರವೇ ಅವನನ್ನು ರೋಗಿಯೆನ್ನುತ್ತಿತ್ತು. ಹೆತ್ತವರಲ್ಲಿ ಹೇಳಿಕೊಳ್ಳಲಾಗದೆ, ಬಹುಮಾನದ ಹಣವನ್ನು ನಂಬಿ ಕುಳಿತ ಆ ಹುಡುಗನ ಚಿತ್ರ ಮೊದಲು ನಗೆ ತರಿಸುತ್ತದೆ, ಬಳಿಕ ನಗೆ ಗಂಟಲಲ್ಲೇ ನಿಲ್ಲುತ್ತದೆ.

2004ರಲ್ಲಿ ಪ್ರಕಟವಾದ ಸಂಕಲನದಲ್ಲಿರುವ 'ಹಿಜಿರಾ' ಎಂಬ ಪುಟ್ಟ ಪ್ರಬಂಧ ಇನ್ನೂ ತೀಕ್ಷ್ಣವಾದುದು. ಇಪ್ಪತ್ತೆರಡರ ತರುಣ ಕಾಲೇಜು ಬಿಟ್ಟು, ಹೆತ್ತವರ ಮನೆಯ ನೆಲಮಾಳಿಗೆಯಲ್ಲಿ ಕಾಲ ಕಳೆಯುತ್ತಿದ್ದಾನೆ. ಒಂದು ದಿನ ತಂದೆ ಕರೆದು ಮನೆ ಬಿಡಬೇಕೆಂದು ಹೇಳುತ್ತಾರೆ. ಕಾರಣ ಇಬ್ಬರಿಗೂ ಗೊತ್ತಿದೆ ಎಂಬುದು ಅವರ ಭಾವನೆ. ತನ್ನ ಸೋಮಾರಿತನಕ್ಕೂ ಮಾದಕ ವಸ್ತುಗಳ ಚಟಕ್ಕೂ ಸಿಕ್ಕ ಶಿಕ್ಷೆ ಇದೆಂದು ಬಗೆದ ಮಗ ಹೆಚ್ಚು ಚಿಂತಿಸದೆ ಗಂಟುಮೂಟೆ ಕಟ್ಟುತ್ತಾನೆ. ಕಾರಿನಲ್ಲಿ ಅವನನ್ನು ಬಿಟ್ಟುಬರಲು ಹೊರಟ ತಾಯಿ ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಾರೆ. ನಿಜವಾದ ಕಾರಣ ತಾನು ಸಲಿಂಗಾನುರಾಗಿ ಎಂಬುದೇ ಎಂದು ಮಗನಿಗೆ ತಿಳಿಯುವುದು ತಿಂಗಳುಗಳ ಅನಂತರ. ಇಲ್ಲಿ ತಂದೆಯ ವಿರುದ್ಧ ಕಟುವಾದ ಮಾತಿಲ್ಲ, ಸ್ವಾನುಕಂಪವೂ ಇಲ್ಲ. ತಾಯಿಯ ಕಣ್ಣೀರಿನ ಅರ್ಥ ಓದುಗನಿಗೆ ತಡವಾಗಿ ತಿಳಿಯುತ್ತದೆ, ಮಗನಿಗೆ ತಿಳಿದಂತೆಯೇ. ಮಕ್ಕಳಿರುವ ಓದುಗ ಈ ಪುಟಗಳಲ್ಲಿ ಮಗನ ಜಾಗದಲ್ಲಿ ನಿಲ್ಲುವುದಿಲ್ಲ. ಸ್ಟಿಯರಿಂಗ್ ಹಿಡಿದು, ಪತಿಯ ಮಾತನ್ನು ಮೀರಲಾರದೆ, ಮಗನಿಗೆ ಕಾರಣವನ್ನೂ ಹೇಳಲಾರದೆ ಅಳುವ ಆ ತಾಯಿಯ ಜಾಗದಲ್ಲಿ ನಿಲ್ಲುತ್ತಾನೆ.

ಓದುಗರ ಎರಡನೆಯ ಬಗೆಯ ಪ್ರತಿಕ್ರಿಯೆ ಒಂದು ಪ್ರಶ್ನೆಯ ರೂಪದಲ್ಲಿದೆ: ಇದೆಲ್ಲ ನಡೆದದ್ದೇ? 2007ರಲ್ಲಿ ಅಲೆಕ್ಸ್ ಹರ್ಡ್ ಎಂಬ ಪತ್ರಕರ್ತರು 'ದಿ ನ್ಯೂ ರಿಪಬ್ಲಿಕ್' ಪತ್ರಿಕೆಯಲ್ಲಿ ಸೆಡಾರಿಸ್ ಅವರ ಬರಹಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಿ ಬರೆದರು. ಕೆಲವು ಸನ್ನಿವೇಶಗಳು ಉತ್ಪ್ರೇಕ್ಷಿತ, ಕೆಲವು ಕಲ್ಪಿತ ಎಂಬುದು ಅವರ ಆಕ್ಷೇಪ. ಉತ್ಪ್ರೇಕ್ಷೆಯನ್ನು ಲೇಖಕರು ಅಲ್ಲಗಳೆಯಲಿಲ್ಲ. 2008ರ ಪುಸ್ತಕದಲ್ಲಿ ತಮ್ಮ ಕಥನಗಳು ಬಹುಪಾಲು ನಿಜವೆಂಬ ಅರ್ಥದ ಒಂದು ತಮಾಷೆಯ ಪದವನ್ನು ತಾವೇ ಸೇರಿಸಿದರು. 2012ರಲ್ಲಿ ಬೇರೊಬ್ಬ ಕಲಾವಿದರ ಚೀನಾ ಕಾರ್ಖಾನೆಗಳ ವರದಿಯಲ್ಲಿ ಕಲ್ಪಿತ ಸಂಗತಿಗಳಿದ್ದುದು ಬಯಲಾಗಿ, 'ದಿಸ್ ಅಮೆರಿಕನ್ ಲೈಫ್' ಎಂಬ ರೇಡಿಯೋ ಕಾರ್ಯಕ್ರಮ ಅದನ್ನು ಹಿಂತೆಗೆದುಕೊಂಡಾಗ, ಅದೇ ಕಾರ್ಯಕ್ರಮದಲ್ಲಿ ಪ್ರಸಾರವಾಗುತ್ತಿದ್ದ ಸೆಡಾರಿಸ್ ಅವರ ಪ್ರಬಂಧಗಳ ಮೇಲೂ ಪ್ರಶ್ನೆ ಎದ್ದಿತು. ಓದುಗರು ಎರಡು ಪಾಳೆಯವಾದರು. ಹಾಸ್ಯಕ್ಕೆ ಉತ್ಪ್ರೇಕ್ಷೆ ಸಹಜ, ಅದನ್ನು ಎಲ್ಲರೂ ಬಲ್ಲರು ಎಂದರು ಕೆಲವರು. ಸತ್ಯವೆಂಬ ಹೆಸರಿನಲ್ಲಿ ಮಾರಿದ ವಸ್ತು ಸತ್ಯವಾಗಿಯೇ ಇರಬೇಕು ಎಂದರು ಉಳಿದವರು.

ಈ ವಾದದಲ್ಲಿ ಎರಡು ಬಗೆಯ ಉತ್ಪ್ರೇಕ್ಷೆಗಳನ್ನು ಬೇರ್ಪಡಿಸಿ ನೋಡುವುದು ವಿವೇಕ. ತನ್ನ ಹೇಡಿತನವನ್ನೂ ಜಂಬವನ್ನೂ ಹಿಗ್ಗಿಸಿ ಹೇಳಿಕೊಂಡವನಿಂದ ಲೋಕಕ್ಕೆ ಹಾನಿಯಿಲ್ಲ. ಮತ್ತೊಬ್ಬರ ಕುಂದನ್ನು ಹಿಗ್ಗಿಸಿದಾಗ ಮಾತು ಬೇರೆಯಾಗುತ್ತದೆ. ಅವರು ಪುಟದಲ್ಲಿ ನಿಂತು ಉತ್ತರ ಕೊಡಲಾರರು. ಓದುಗನ ಮನಸ್ಸಿನಲ್ಲಿ ಅವರ ಚಿತ್ರ ಹಾಗೆಯೇ ಉಳಿದುಹೋಗುತ್ತದೆ. ಲೇಖಕನ ನಗೆಗೆ ಅವರು ತಮ್ಮ ಮಾನವನ್ನು ತೆರಬೇಕಾಗುತ್ತದೆ.

ಇಲ್ಲಿಂದಲೇ ಮೂರನೆಯ ಬಗೆಯ ಪ್ರತಿಕ್ರಿಯೆ ಹುಟ್ಟುತ್ತದೆ: ಮನೆಯವರ ಗತಿಯೇನು? ಈ ಪ್ರಶ್ನೆಯನ್ನು ಓದುಗರಿಗಿಂತ ಮೊದಲು ಎತ್ತಿದವರು ಲೇಖಕರೇ. 'ರಿಪೀಟ್ ಆಫ್ಟರ್ ಮಿ' ಎಂಬ ಪ್ರಬಂಧದಲ್ಲಿ ಅಕ್ಕ ತನ್ನ ಜೀವನದ ಒಂದು ನೋವಿನ ಘಟನೆಯನ್ನು ತಮ್ಮನಿಗೆ ಹೇಳಿ ಅಳುತ್ತಾಳೆ, ಇದನ್ನು ಎಂದೂ ಬರೆಯಕೂಡದೆಂದು ಬೇಡಿಕೊಳ್ಳುತ್ತಾಳೆ. ಆ ಬೇಡಿಕೆಯೇ ಅಚ್ಚಾಗಿ ಲೋಕದ ಮುಂದಿದೆ! ಪ್ರಬಂಧದ ಕೊನೆಯಲ್ಲಿ ತಮ್ಮ ರಾತ್ರಿಯ ಹೊತ್ತು ಅಕ್ಕ ಸಾಕಿದ ಗಿಣಿಯ ಪಂಜರದ ಮುಂದೆ ನಿಂತು, ಕ್ಷಮೆ ಬೇಡುವ ಮಾತನ್ನು ಅದಕ್ಕೆ ಕಲಿಸಲು ಯತ್ನಿಸುತ್ತಾನೆ. ಈ ಪುಟ ಓದುಗರನ್ನು ಇಂದಿಗೂ ಇಬ್ಭಾಗಿಸುತ್ತದೆ. ತನ್ನ ತಪ್ಪನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದವನನ್ನು ಮನ್ನಿಸಬೇಕು ಎನ್ನುವವರಿದ್ದಾರೆ. ಕ್ಷಮೆಯನ್ನು ಗಿಣಿಗೆ ಕಲಿಸುವ ಬದಲು ಬರಹವನ್ನೇ ತಡೆಹಿಡಿಯಬಹುದಿತ್ತಲ್ಲ ಎನ್ನುವವರೂ ಇದ್ದಾರೆ.

ಕಿರಿಯ ತಂಗಿಯ ವಿಷಯ ಇದಕ್ಕಿಂತ ಗಂಭೀರ. ತನ್ನನ್ನು ಕುರಿತು ಬರೆದದ್ದರಿಂದಾದ ಕಿರಿಕಿರಿಯನ್ನು ಆಕೆ 2004ರಲ್ಲೇ ಪತ್ರಿಕೆಯೊಂದರ ಮುಂದೆ ಹೇಳಿಕೊಂಡಿದ್ದಳು. 2013ರ ಮೇ ತಿಂಗಳಲ್ಲಿ ಆಕೆ ತಾನಾಗಿ ಪ್ರಾಣ ತೊರೆದಳು. ಅಣ್ಣ ತಂಗಿಯರು ಪರಸ್ಪರ ಮಾತನಾಡಿ ಆ ವೇಳೆಗೆ ಎಂಟು ವರ್ಷಗಳಾಗಿದ್ದವು. ಅದೇ ವರ್ಷ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಸೆಡಾರಿಸ್ ಈ ಸಾವನ್ನು ಕುರಿತು ಬರೆದರು. ಅನೇಕ ಓದುಗರು ಅದರಲ್ಲಿ ತಮ್ಮ ಕುಟುಂಬಗಳ ಮೌನವನ್ನು ಕಂಡರು. ಆಕೆಯನ್ನು ಬಲ್ಲ ಕೆಲವರಿಗೆ ಮಾತ್ರ, ಜೀವಂತವಿದ್ದಾಗ ಬೇಡವೆಂದವಳ ಬದುಕು ಸತ್ತ ಮೇಲೆ ಬರಹದ ವಸ್ತುವಾಯಿತಲ್ಲ ಎಂಬ ನೋವು ಉಳಿಯಿತು. ತರುವಾಯ 2018ರ 'ಕ್ಯಾಲಿಪ್ಸೊ' ಸಂಕಲನದಲ್ಲಿ, ತನ್ನನ್ನು ನೋಡಲು ರಂಗಮಂದಿರದ ಬಾಗಿಲಿಗೆ ಬಂದ ಅದೇ ತಂಗಿಯ ಮುಂದೆ ಬಾಗಿಲು ಮುಚ್ಚಿಸಿದ ಸಂಗತಿಯನ್ನು ಅವರು ಮರೆಮಾಚದೆ ಬರೆದರು. ಅವಳನ್ನು ನೋಡಿದ್ದು ಅದೇ ಕೊನೆ. ಇದನ್ನು ಓದಿ ನಗುವವರು ಯಾರೂ ಇರಲಾರರು.

ಈ ಮೂರೂ ಪ್ರತಿಕ್ರಿಯೆಗಳನ್ನು ಒಟ್ಟಿಗೆ ಇಟ್ಟು ತೂಗಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸೆಡಾರಿಸ್ ಅವರ ಬರಹಗಳಲ್ಲಿ ಓದುಗರು ತಲೆದೂಗುವ ಭಾಗಗಳು ಯಾವುವು? ಲೇಖಕ ನಗೆಯ ಬೆಲೆಯನ್ನು ತಾನೇ ತೆತ್ತ ಭಾಗಗಳು. ತೊದಲುವ ಬಾಲಕ, ಬಹುಮಾನಕ್ಕೆ ಕಾದ ಹುಡುಗ, ಮನೆ ಬಿಟ್ಟ ತರುಣ, ಈ ಮೂವರೂ ಅವರೇ. ಓದುಗರು ಹಿಂಜರಿಯುವ ಭಾಗಗಳು ಯಾವುವು? ಆ ಬೆಲೆಯನ್ನು ಬೇರೆಯವರ ಲೆಕ್ಕಕ್ಕೆ ಬರೆದ ಭಾಗಗಳು. ಇವರ ಪ್ರಬಂಧಗಳಲ್ಲಿ ಶಿಷ್ಟ ಸಂಪ್ರದಾಯಕ್ಕೆ ಹಿಡಿಸದ ಒರಟು ಮಾತೂ ಸಾಕಷ್ಟಿದೆ. ಆ ಕಾರಣಕ್ಕೆ ಪುಸ್ತಕವನ್ನು ಬದಿಗಿಟ್ಟವರನ್ನು ದೂರಬೇಕಿಲ್ಲ. ಆದರೆ ಒರಟು ಮಾತಿಗೆ ಮುಖ ತಿರುಗಿಸಿದವನು ಮನೆಯ ನಡುವೆ ನಡೆಯುವ ಮೃದುವಾದ ಪರಿಹಾಸ್ಯಕ್ಕೂ ಅಷ್ಟೇ ಎಚ್ಚರದಿಂದ ಕಿವಿಗೊಡುವನೇ ಎಂಬುದು ವಿಚಾರಾರ್ಹ. ಕೂರಂಬಿನಂತೆ ಚುಚ್ಚುವ ಎಷ್ಟೋ ಮಾತುಗಳು ಸಭ್ಯ ಭಾಷೆಯಲ್ಲೇ ಆಡಲ್ಪಡುತ್ತವೆ.

ಲೇಖಕನ ಹೊಣೆಯನ್ನು ಪ್ರಶ್ನಿಸುವುದು ಓದುಗನಿಗೆ ಸುಲಭ. ತನ್ನ ಹೊಣೆಯನ್ನು ನೆನೆಯುವುದು ಅಷ್ಟು ಸುಲಭವಲ್ಲ. ದೂರ ದೇಶದ ಬಾಲಕನೊಬ್ಬ ಸಕಾರವನ್ನು ತಪ್ಪಿಸಿಕೊಂಡು ಓಡಾಡಿದ್ದನ್ನು ಓದಿ ನಕ್ಕವನು, ಆ ನಗೆಗಾಗಿ ಅವನಿಗೆ ಋಣಿ. ಲೇಖಕ ಅದನ್ನು ಪುಸ್ತಕದ ಬೆಲೆಯಲ್ಲಿ ಕೇಳಿ ತೀರಿಸಿಕೊಂಡಿರಬಹುದು, ಆದರೆ ಆ ಬಾಲಕನ ಪಾಲು ಇನ್ನೂ ಬಾಕಿ ಇದೆ. ಅದನ್ನು ಸಲ್ಲಿಸುವ ಸ್ಥಳ ಓದುಗನ ಸ್ವಂತ ಮನೆ. ಹಬ್ಬಕ್ಕೆ, ಮದುವೆಗೆ ಬಂಧುಗಳೆಲ್ಲ ಸೇರಿದಾಗ ಯಾರನ್ನೋ ಅನುಕರಿಸುವ ವಿನೋದ ಆರಂಭವಾಗುತ್ತದೆ. ಆಗ ಎಲ್ಲರಿಗಿಂತ ಜೋರಾಗಿ ನಗುವ ಹುಡುಗನೊಬ್ಬ ಇರಬಹುದು, ಮೆಲ್ಲನೆ ಎದ್ದು ಒಳಗೆ ಹೋಗುವ ಹುಡುಗಿಯೊಬ್ಬಳು ಇರಬಹುದು. ಹಿರಿಯರು ಅವರನ್ನು ಎಲ್ಲರೆದುರು ಕರೆದು ಕಾರಣ ಕೇಳಬೇಕಾಗಿಲ್ಲ. ವಿನೋದವನ್ನು ಅಷ್ಟಕ್ಕೆ ನಿಲ್ಲಿಸಿ, ಬೇರೆ ಮಾತಿಗೆ ತಿರುಗಿಸಿದರೆ ಸಾಕು. ಏಕೆ ನಿಲ್ಲಿಸಿದರೆಂಬುದು ತಿಳಿಯಬೇಕಾದವರಿಗೆ ತಿಳಿಯುತ್ತದೆ. ಹೇಳಬೇಕಾದ ಮಾತೇನಾದರೂ ಅವರಲ್ಲಿದ್ದರೆ, ಅದನ್ನು ಹೇಳಲು ಮನೆಯಲ್ಲಿ ಒಂದು ಕಿವಿ ಇದೆಯೆಂಬ ಧೈರ್ಯವೂ ಅವರಿಗೆ ಬರುತ್ತದೆ.